ಒಂದು ಕಾದಂಬರಿಗೆ ಅಂಕ ಹಾಕುವುದು ಹೇಗೆ?

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಶಾಲೆಯ ವಿಜ್ಞಾನ ಸಂಘದ ಗೋಡೆ ಪತ್ರಿಕೆಗೆಂದು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎರಡು ಪುಟದ ಲೇಖನ ಬರೆದು ತಂದಳು. ನಾನೇ ಓದಲು ಕೊಟ್ಟಿದ್ದ ಒಂದು ಇಂಗ್ಲಿಷ್ ಕಾದಂಬರಿಯ ಬಗ್ಗೆ ಆಕೆ ಬರೆದಿದ್ದಳು. ಕನ್ನಡ ಮಾಧ್ಯಮದ ಹುಡುಗಿ. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಎರಡು ತಿಂಗಳು ಹೆಣಗಿ ಪುಸ್ತಕ ಮುಗಿಸಿದ್ದಳು. ಮೊದಲ ಪುಟದಲ್ಲಿ ಕಾದಂಬರಿ ತನಗೆ ಏಕೆ ಇಷ್ಟವಾಯಿತು ಎಂದು ಬರೆದಿದ್ದಳು. ಎರಡನೇ ಪುಟದಲ್ಲಿ ಏಕೆ ಇಷ್ಟವಾಗಲಿಲ್ಲ ಎಂದು ಬರೆದಿದ್ದಳು.

ನಾನು ಮೊದಲ ಪುಟವನ್ನು ಗೋಡೆಗೆ ಅಂಟಿಸಿದೆ. ಎರಡನೇ ಪುಟದ ಮೇಲೆ ಕೆಂಪು ಶಾಯಿಯಲ್ಲಿ 'ದೊಡ್ಡ ಲೇಖಕರ ಬಗ್ಗೆ ಹೀಗೆ ಬರೆಯಬಾರದು' ಎಂದು ಗೀಚಿ ಹಿಂದಕ್ಕೆ ಕೊಟ್ಟೆ. ಆಕೆ ಏನೂ ಹೇಳದೆ ತೆಗೆದುಕೊಂಡು ಹೋದಳು.

ಆ ಲೇಖಕ ಆರ್ಥರ್ ಸಿ. ಕ್ಲಾರ್ಕ್. ಕಾದಂಬರಿಯ ಹೆಸರು '2061: ಒಡಿಸ್ಸಿ ತ್ರೀ'. ನಾನು ಬಿ.ಎಸ್ಸಿ. ಓದುತ್ತಿದ್ದಾಗ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಯಲ್ಲಿ 20 ರೂಪಾಯಿಗೆ ಕೊಂಡ ಪ್ರತಿ ಅದು. ಆ ವಯಸ್ಸಿನಲ್ಲಿ ಕ್ಲಾರ್ಕ್ ನನಗೆ ದೇವರ ಸಮಾನ. ದೇವರ ಮೂರ್ತಿಯಲ್ಲಿ ಬಿರುಕು ಹುಡುಕುವವರು ಯಾರಿಗೆ ತಾನೇ ಇಷ್ಟವಾಗುತ್ತಾರೆ?

ಈಚೆಗೆ ಸೌರವ್ಯೂಹದ ಪಾಠಕ್ಕೆ ಟಿಪ್ಪಣಿ ಮಾಡಿಕೊಳ್ಳುವಾಗ ಆ ಪುಸ್ತಕವನ್ನು ಮತ್ತೆ ಓದಿದೆ. ಓದುತ್ತಾ ಹೋದಂತೆ ಆ ಹುಡುಗಿಯ ಎರಡನೇ ಪುಟದ ಒಂದೊಂದು ಸಾಲೂ ನೆನಪಾಗತೊಡಗಿತು. ಆಕೆ ಬರೆದದ್ದು ಸರಿಯಾಗಿತ್ತು. ತಪ್ಪಿದ್ದು ನನ್ನ ಕೆಂಪು ಶಾಯಿ. ಆದ್ದರಿಂದ ಈ ವಾರ ಆ ಕಾದಂಬರಿಯನ್ನು ಉತ್ತರ ಪತ್ರಿಕೆ ತಿದ್ದುವಂತೆ, ಒಂದೊಂದು ಪ್ರಶ್ನೆಗೂ ಬೇರೆ ಬೇರೆ ಅಂಕ ಕೊಟ್ಟು ನೋಡೋಣ. ಐದು ಪ್ರಶ್ನೆಗಳು, ಪ್ರತಿಯೊಂದಕ್ಕೂ 20 ಅಂಕ.

ನಾಲ್ಕು ಅಣ್ಣತಮ್ಮಂದಿರಲ್ಲಿ ಮೂರನೆಯವನು

ಮೊದಲು ಹಿನ್ನೆಲೆ. ಕ್ಲಾರ್ಕ್ 1917ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದರು. 1956ರಿಂದ ಶ್ರೀಲಂಕಾದಲ್ಲಿ ನೆಲೆಸಿ, 2008ರಲ್ಲಿ ಅಲ್ಲಿಯೇ ತೀರಿಕೊಂಡರು. ಭೂಮಿಯ ಜೊತೆಗೇ ಸುತ್ತುತ್ತಾ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಉಪಗ್ರಹಗಳ ಮೂಲಕ ಜಗತ್ತಿನಾದ್ಯಂತ ಸಂಪರ್ಕ ಸಾಧ್ಯ ಎಂದು 1945ರಲ್ಲೇ ಬರೆದವರು ಇವರು. ಅಂಥ ಒಂದು ಉಪಗ್ರಹದ ನೆರವಿನಿಂದಲೇ 1975–76ರಲ್ಲಿ ನಮ್ಮ ದೇಶದ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮಗಳು ತಲುಪಿದವು. ಅವುಗಳಲ್ಲಿ ಕರ್ನಾಟಕದ ಹಳ್ಳಿಗಳೂ ಇದ್ದವು.

ಅವರ 'ಒಡಿಸ್ಸಿ' ಮಾಲೆಯಲ್ಲಿ ನಾಲ್ಕು ಕಾದಂಬರಿಗಳಿವೆ. '2001' ಬಂದದ್ದು 1968ರಲ್ಲಿ. ಸ್ಟ್ಯಾನ್ಲಿ ಕುಬ್ರಿಕ್ ನಿರ್ದೇಶಿಸಿದ ಪ್ರಸಿದ್ಧ ಚಲನಚಿತ್ರವೂ ಅದೇ ವರ್ಷ ತೆರೆಕಂಡಿತು. '2010' ಬಂದದ್ದು 1982ರಲ್ಲಿ, '2061' ಬಂದದ್ದು 1987ರಲ್ಲಿ, ಕೊನೆಯದಾದ '3001' ಬಂದದ್ದು 1997ರಲ್ಲಿ. ಮೊದಲ ಕಾದಂಬರಿಯಲ್ಲಿ ಚಂದ್ರನ ಮೇಲೆ ಒಂದು ಕಪ್ಪು ಶಿಲಾಫಲಕ ಸಿಗುತ್ತದೆ. ಅದನ್ನು ಅಲ್ಲಿಟ್ಟವರು ಯಾರು ಎಂಬ ಹುಡುಕಾಟವೇ ಕಥೆ. ಎರಡನೆಯದರಲ್ಲಿ ಇಂಥ ಫಲಕಗಳು ಸಾವಿರಗಟ್ಟಲೆಯಾಗಿ ಹೆಚ್ಚಿ ಗುರುಗ್ರಹವನ್ನೇ ಹೊತ್ತಿಸಿ 'ಲೂಸಿಫರ್' ಎಂಬ ಪುಟ್ಟ ಸೂರ್ಯನನ್ನಾಗಿ ಮಾಡುತ್ತವೆ. ಗುರುವಿನ ಉಪಗ್ರಹ ಯುರೋಪಾದ ಮೇಲೆ ಮಾತ್ರ ಇಳಿಯಕೂಡದು ಎಂದು ಮನುಷ್ಯರಿಗೆ ಎಚ್ಚರಿಕೆಯೂ ಬರುತ್ತದೆ.

ಮೂರನೆಯದರ ಕಥೆ ಇಷ್ಟು. 2061ರಲ್ಲಿ ಹ್ಯಾಲಿ ಧೂಮಕೇತು ಮತ್ತೆ ಸೂರ್ಯನ ಬಳಿಗೆ ಬರುತ್ತದೆ. 'ಯೂನಿವರ್ಸ್' ಎಂಬ ನೌಕೆ ಕೆಲವು ಗಣ್ಯರನ್ನು ಹೊತ್ತು ಅದರ ಮೇಲೆ ಇಳಿಯುತ್ತದೆ. ಅವರಲ್ಲಿ ಹಿಂದಿನ ಎರಡು ಕಾದಂಬರಿಗಳಿಂದ ನಮಗೆ ಪರಿಚಿತರಾದ ಡಾ. ಹೇವುಡ್ ಫ್ಲಾಯ್ಡ್ ಇದ್ದಾರೆ. ಈಗ ಅವರ ವಯಸ್ಸು 103. ಅದೇ ಹೊತ್ತಿಗೆ 'ಗ್ಯಾಲಕ್ಸಿ' ಎಂಬ ಇನ್ನೊಂದು ನೌಕೆಯನ್ನು ಅದರ ಸಿಬ್ಬಂದಿಯಲ್ಲೊಬ್ಬಳು ಪಿಸ್ತೂಲು ತೋರಿಸಿ, ನಿಷೇಧಿತ ಯುರೋಪಾದ ಮೇಲೆ ಇಳಿಯುವಂತೆ ಮಾಡುತ್ತಾಳೆ. ಅದರಲ್ಲಿ ಫ್ಲಾಯ್ಡ್ ಅವರ ಮೊಮ್ಮಗ ಕ್ರಿಸ್ ಇದ್ದಾನೆ. ಅವರನ್ನು ಕಾಪಾಡಲು ಸಮಯಕ್ಕೆ ಸರಿಯಾಗಿ ತಲುಪಬಲ್ಲ ನೌಕೆ 'ಯೂನಿವರ್ಸ್' ಒಂದೇ.

ಪ್ರಶ್ನೆ 1: ಧೂಮಕೇತು

ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ, 1986ರಲ್ಲಿ, ಹ್ಯಾಲಿ ಬಂದಿತ್ತು. ಪತ್ರಿಕೆಗಳಲ್ಲಿ ಅದರದೇ ಸುದ್ದಿ. ಬೆಳಗಿನ ಜಾವ ಎದ್ದು, ಯಾರೋ ಕೊಟ್ಟ ಬೈನಾಕ್ಯುಲರ್ ಹಿಡಿದು ಮನೆಯ ಮಾಳಿಗೆ ಹತ್ತಿದೆವು. ದಕ್ಷಿಣ ದಿಕ್ಕಿನಲ್ಲಿ ಕಂಡದ್ದು ಒರೆಸಿದ ಸೀಮೆಸುಣ್ಣದಂಥ ಒಂದು ಮಸುಕು. ಅಜ್ಜಿ 1910ರ ಧೂಮಕೇತುವಿನ ಬಗ್ಗೆ ತಾನು ಕೇಳಿದ್ದ ಕಥೆಗಳಿಗೂ ಇದಕ್ಕೂ ಹೋಲಿಕೆಯೇ ಇಲ್ಲ ಎಂದು ಬೇಸರಪಟ್ಟುಕೊಂಡಳು. ಕಾರಣ ನಂತರ ತಿಳಿಯಿತು. ಆ ಸಲ ಧೂಮಕೇತು ಸೂರ್ಯನ ಅತಿ ಸಮೀಪಕ್ಕೆ ಬಂದಾಗ ಭೂಮಿ ಸೂರ್ಯನ ಆಚೆ ಬದಿಯಲ್ಲಿತ್ತು.

ನಮಗೆ ಕಾಣದ್ದು ನೌಕೆಗಳಿಗೆ ಕಂಡಿತು. 1986ರ ಮಾರ್ಚ್ 14ರಂದು ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ 'ಜಿಯೊಟ್ಟೊ' ನೌಕೆ ಹ್ಯಾಲಿಯ ಗರ್ಭದಿಂದ ಸುಮಾರು 600 ಕಿ.ಮೀ. ದೂರದಲ್ಲಿ ಹಾದುಹೋಯಿತು. ಧೂಮಕೇತುಗಳು ಕೊಳೆಯಾದ ಹಿಮದುಂಡೆಗಳು ಎಂದು ಫ್ರೆಡ್ ವಿಪಲ್ 1950ರಲ್ಲೇ ಹೇಳಿದ್ದರು. ಆದರೆ ಇಷ್ಟು ಕಪ್ಪಾಗಿರಬಹುದೆಂದು ಹೆಚ್ಚಿನವರು ಎಣಿಸಿರಲಿಲ್ಲ. ಸುಮಾರು 15 ಕಿ.ಮೀ. ಉದ್ದದ ಆ ಗಡ್ಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 4 ಪಾಲನ್ನಷ್ಟೇ ಪ್ರತಿಫಲಿಸುತ್ತಿತ್ತು. ಅಂದರೆ ಇದ್ದಿಲಿನಷ್ಟು ಕಪ್ಪು. ಬಿಸಿಲು ಬೀಳುವ ಕಡೆಯಿಂದ ಅನಿಲ ಮತ್ತು ದೂಳಿನ ಚಿಲುಮೆಗಳು ಚಿಮ್ಮುತ್ತಿದ್ದವು.

ಇದಾಗಿ ಎರಡು ವರ್ಷದೊಳಗೆ ಕ್ಲಾರ್ಕ್ ಅವರ ಕಾದಂಬರಿ ಅಚ್ಚಾಗಿತ್ತು. ಹೊಸದಾಗಿ ತಿಳಿದದ್ದೆಲ್ಲ ಅದರೊಳಗೆ ಬಂದಿದೆ. ಕಪ್ಪು ನೆಲ, ಹಗಲಾದೊಡನೆ ಬುಗ್ಗೆಯಾಗಿ ಏಳುವ ಆವಿ, ನಡೆಯಲೂ ಬಾರದಂಥ ಕ್ಷೀಣ ಗುರುತ್ವ. ಒಂದು ದೊಡ್ಡ ಬುಗ್ಗೆಗೆ ಅಮೆರಿಕದ ಯೆಲ್ಲೋಸ್ಟೋನ್‌ನ ಬಿಸಿನೀರ ಬುಗ್ಗೆಯ ನೆನಪಿಗೆ 'ಓಲ್ಡ್ ಫೇತ್‌ಫುಲ್' ಎಂದೇ ಹೆಸರು. ಇಲ್ಲಿ ಕಥೆ ನಿಂತ ನೀರಾಗುತ್ತದೆ ಎಂದು ದೂರುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹೊಸ ಊರಿಗೆ ಹೋದವನು ಮೊದಲು ಸುತ್ತಲೂ ನೋಡಬೇಡವೇ?

ವಿದ್ಯಾರ್ಥಿಗಳೇ, ಒಂದು ಲೆಕ್ಕ ಮಾಡಿ. ಹ್ಯಾಲಿಯ ದ್ರವ್ಯರಾಶಿ ಸುಮಾರು 22 ಸಾವಿರ ಕೋಟಿ ಟನ್, ಸರಾಸರಿ ತ್ರಿಜ್ಯ ಸುಮಾರು ಐದೂವರೆ ಕಿ.ಮೀ. ಎಂದಿಟ್ಟುಕೊಳ್ಳಿ. ಇಲ್ಲಿ 50 ಕಿ.ಗ್ರಾಂ. ತೂಗುವ ಹುಡುಗ ಅಲ್ಲಿ ಸುಮಾರು ಎರಡೂವರೆ ಗ್ರಾಂ ತೂಗುತ್ತಾನೆ. ಅಲ್ಲಿಂದ ತಪ್ಪಿಸಿಕೊಳ್ಳಲು ಬೇಕಾದ ವೇಗ ಸೆಕೆಂಡಿಗೆ 2 ಮೀಟರಿಗಿಂತ ತುಸು ಹೆಚ್ಚು. ನಮ್ಮ ಆಟದ ಮೈದಾನದಲ್ಲಿ ಅರ್ಧ ಮೀಟರ್ ಎತ್ತರಕ್ಕೆ ನೆಗೆಯುವವನ ಪಾದ ನೆಲ ಬಿಡುವಾಗ ಇರುವ ವೇಗ ಸೆಕೆಂಡಿಗೆ 3 ಮೀಟರ್! ಭಾರವಾದ ಅಂತರಿಕ್ಷ ಉಡುಪು ಇಲ್ಲದಿದ್ದರೆ, ಹ್ಯಾಲಿಯ ಮೇಲೆ ಜೋರಾಗಿ ನೆಗೆದವನು ಮತ್ತೆ ಕೆಳಗೆ ಬರುವುದೇ ಇಲ್ಲ. 2014ರ ನವೆಂಬರ್ 12ರಂದು 'ಫೀಲೆ' ಎಂಬ ಪುಟ್ಟ ಯಂತ್ರ ಬೇರೊಂದು ಧೂಮಕೇತುವಿನ ಮೇಲೆ ನಿಜವಾಗಿಯೂ ಇಳಿದಾಗ, ಚೆಂಡಿನಂತೆ ಪುಟಿದು ದೂರ ಹೋಗಿ ಬಿತ್ತು. ಕ್ಲಾರ್ಕ್ ಬರೆದ ಹಿಡಿತವಿಲ್ಲದ ನೆಲ ಎಂಥದೆಂದು ಅಂದು ಎಲ್ಲರಿಗೂ ಗೊತ್ತಾಯಿತು.

ಅಂಕ: 20ಕ್ಕೆ 19.

ಪ್ರಶ್ನೆ 2: ನೌಕೆ ಮತ್ತು ನೀರು

ಗ್ಯಾಲಕ್ಸಿಯವರನ್ನು ಕಾಪಾಡಲು ಯೂನಿವರ್ಸ್ ಬೇಗ ಹೋಗಬೇಕು. ನೌಕೆ ಮುಂದೆ ಹೋಗಬೇಕಾದರೆ ಹಿಂದಕ್ಕೆ ಏನನ್ನಾದರೂ ಎಸೆಯಲೇಬೇಕು ಎಂಬುದು ನ್ಯೂಟನ್ನನ ಮೂರನೇ ನಿಯಮ. ಈ ನೌಕೆ ಎಸೆಯುವುದು ನೀರನ್ನು, ಅತಿ ಬಿಸಿ ಮಾಡಿ. ಆದರೆ ತೊಟ್ಟಿಯಲ್ಲಿರುವ ನೀರು ಸಾಲದು. ಆಗ ಒಂದು ಉಪಾಯ ಹೊಳೆಯುತ್ತದೆ. ಧೂಮಕೇತುವೇ ನೀರಿನ ಗಡ್ಡೆಯಲ್ಲವೇ? ಚಿಲುಮೆಯಿಂದಲೇ ತೊಟ್ಟಿ ತುಂಬಿಕೊಂಡರಾಯಿತು! ಇಡೀ ಪುಸ್ತಕದಲ್ಲಿ ನನಗೆ ಬಹಳ ಇಷ್ಟವಾದ ಜಾಗ ಇದು. ಕಥೆಯ ಗಂಟನ್ನು ಬಿಡಿಸುವುದು ಪಿಸ್ತೂಲೂ ಅಲ್ಲ, ಪವಾಡವೂ ಅಲ್ಲ. ಹೈಸ್ಕೂಲಿನ ಭೌತವಿಜ್ಞಾನ.

ಇನ್ನೊಂದು ಲೆಕ್ಕ. ಒಂದು ನೌಕೆ ಭೂಮಿಯ ಗುರುತ್ವ ವೇಗೋತ್ಕರ್ಷದ ಹತ್ತನೇ ಒಂದು ಪಾಲಿನಷ್ಟು ವೇಗೋತ್ಕರ್ಷದಲ್ಲಿ 10 ದಿನ ಸಾಗಿದರೆ ಎಷ್ಟು ದೂರ ಹೋಗುತ್ತದೆ? ವೇಗೋತ್ಕರ್ಷವನ್ನು ಕಾಲದ ವರ್ಗದಿಂದ ಗುಣಿಸಿ ಅರ್ಧ ಮಾಡಿ. ಸುಮಾರು 36 ಕೋಟಿ ಕಿ.ಮೀ. ಬರುತ್ತದೆ. ಮುಂದಿನ 10 ದಿನ ಅಷ್ಟೇ ಪ್ರಮಾಣದಲ್ಲಿ ವೇಗ ಕುಗ್ಗಿಸುತ್ತಾ ಹೋದರೆ ಒಟ್ಟು 73 ಕೋಟಿ ಕಿ.ಮೀ. ಸೂರ್ಯನಿಂದ ಗುರುವಿಗಿರುವ ದೂರ ಸುಮಾರು 78 ಕೋಟಿ ಕಿ.ಮೀ. ನಮ್ಮ ನಿಜವಾದ ನೌಕೆಗಳಲ್ಲಿ 'ಗೆಲಿಲಿಯೊ' 1989ರಲ್ಲಿ ಹೊರಟು ಗುರುವನ್ನು ಮುಟ್ಟಿದ್ದು 1995ರಲ್ಲಿ. 'ಜೂನೊ' 2011ರಲ್ಲಿ ಹೊರಟು ಮುಟ್ಟಿದ್ದು 2016ರಲ್ಲಿ. ಅಲ್ಪ ಬಲವಾದರೂ ಬಿಡದೆ ತಳ್ಳುತ್ತಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ? ಪರೀಕ್ಷೆಗೆ ಓದುವವರೂ ಇದನ್ನು ನೆನಪಿಡಬಹುದು.

ಹಾಗಾದರೆ ಅಷ್ಟು ಶಕ್ತಿ ಎಲ್ಲಿಂದ? ಇಲ್ಲಿ ಕ್ಲಾರ್ಕ್ ಸ್ವಲ್ಪ ಸಾಲ ಮಾಡುತ್ತಾರೆ. ಹೈಡ್ರೊಜನ್ನಿನ ಪರಮಾಣುವಿನಲ್ಲಿ ಎಲೆಕ್ಟ್ರಾನಿನ ಜಾಗದಲ್ಲಿ ಅದಕ್ಕಿಂತ 207 ಪಟ್ಟು ಭಾರವಾದ ಮ್ಯೂಆನ್ ಎಂಬ ಕಣವನ್ನು ಕೂರಿಸಿದರೆ ಪರಮಾಣುಗಳು ತೀರಾ ಹತ್ತಿರಕ್ಕೆ ಬಂದು, ಸೂರ್ಯನ ಒಡಲಿನಷ್ಟು ಬಿಸಿಯಿಲ್ಲದೆಯೂ ಬೆಸೆದುಕೊಳ್ಳಬಲ್ಲವು. ಇದು ಕಟ್ಟುಕಥೆಯಲ್ಲ. 1956ರಲ್ಲಿ ಲೂಯಿಸ್ ಆಲ್ವರೆಜ್ ಮತ್ತು ಸಂಗಡಿಗರು ಪ್ರಯೋಗಶಾಲೆಯಲ್ಲೇ ಇದನ್ನು ಕಂಡಿದ್ದರು. ತೊಡಕೆಂದರೆ ಮ್ಯೂಆನಿನ ಆಯಸ್ಸು ಸೆಕೆಂಡಿನ ಹತ್ತು ಲಕ್ಷದಲ್ಲಿ ಎರಡು ಪಾಲು ಮಾತ್ರ. ಅದನ್ನು ಹುಟ್ಟಿಸಲು ತಗಲುವ ಶಕ್ತಿ, ಅದು ಸಾಯುವ ಮುನ್ನ ಗಳಿಸಿಕೊಡುವುದಕ್ಕಿಂತ ಹೆಚ್ಚು. ಮಾವಿನ ಹಣ್ಣಿಗಿಂತ ಬುಟ್ಟಿಯೇ ದುಬಾರಿಯಾದ ಹಾಗೆ. ಈ ತೊಡಕನ್ನು ಕಾದಂಬರಿಯಲ್ಲಿ ಯಾರೋ ಬಿಡಿಸಿಬಿಟ್ಟಿದ್ದಾರೆ. ಹೇಗೆಂದು ಹೇಳುವುದಿಲ್ಲ. ವಿಜ್ಞಾನ ಕಾದಂಬರಿಗೆ ಅಷ್ಟು ರಿಯಾಯಿತಿ ಕೊಡಬಹುದು, ಪೂರ್ಣ ಅಂಕ ಕೊಡಲಾಗದು.

ಅಂಕ: 20ಕ್ಕೆ 15.

ಪ್ರಶ್ನೆ 3: ವಜ್ರದ ಬೆಟ್ಟ

ಯುರೋಪಾದ ಮೇಲೆ ಹಠಾತ್ತನೆ ಒಂದು ಬೆಟ್ಟ ಕಾಣಿಸಿಕೊಂಡಿರುತ್ತದೆ. ಹೆಸರು ಝ್ಯೂಸ್ ಪರ್ವತ. ವಾನ್ ಡೆರ್ ಬರ್ಗ್ ಎಂಬ ಭೂವಿಜ್ಞಾನಿ ಅದು ಬರಿಯ ಹಿಮವಾಗಿರಲಾರದೆಂದು ಅನುಮಾನಿಸಿ, ಕೊನೆಗೆ ಗುಟ್ಟು ಕಂಡುಹಿಡಿಯುತ್ತಾನೆ. ಇಡೀ ಬೆಟ್ಟವೇ ಒಂದು ವಜ್ರ! ಗುರುಗ್ರಹ ಸಿಡಿದಾಗ ಅದರ ಗರ್ಭದಿಂದ ಹಾರಿಬಂದ ಚೂರು ಅದು.

ನಮ್ಮ ಶಾಲೆಯಲ್ಲಿ ಇದನ್ನು ಕೇಳಿದ ಒಬ್ಬ ಹುಡುಗ ಯುರೋಪಾದಲ್ಲಿ ವಜ್ರದ ಬೆಟ್ಟವಿದೆ ಎಂದು ಕಿರುಪರೀಕ್ಷೆಯಲ್ಲಿ ಬರೆದುಬಿಟ್ಟ. ಆದ್ದರಿಂದ ಸ್ಪಷ್ಟವಾಗಿ ಹೇಳುತ್ತೇನೆ. ಯುರೋಪಾದ ಮೇಲೆ ಅಂಥ ಬೆಟ್ಟವಿಲ್ಲ. ಅಲ್ಲಿರುವುದು ಬಿರುಕು ಬಿಟ್ಟ ಹಿಮದ ಚಿಪ್ಪು. ಗುರು ತಾನಾಗಿ ಸೂರ್ಯನಾಗುವುದೂ ಇಲ್ಲ. ನಕ್ಷತ್ರವಾಗಿ ಉರಿಯಲು ಅದಕ್ಕೆ ಈಗಿರುವುದಕ್ಕಿಂತ 75ರಿಂದ 80 ಪಟ್ಟು ದ್ರವ್ಯರಾಶಿ ಬೇಕು. ಗುರುವಿನ ಗರ್ಭ ಗಟ್ಟಿಯಾದ ಒಂದು ಉಂಡೆಯಲ್ಲ, ಅಂಚು ಕರಗಿ ಹರಡಿಕೊಂಡಂತಿದೆ ಎಂದು ಜೂನೊ ಕಳಿಸಿದ ಮಾಹಿತಿ ಸೂಚಿಸುತ್ತದೆ.

ಆದರೆ ವಜ್ರದ ಯೋಚನೆ ಗಾಳಿಯಿಂದ ಬಂದದ್ದಲ್ಲ. ಯುರೇನಸ್ ಮತ್ತು ನೆಪ್ಚೂನ್ ಗ್ರಹಗಳ ಆಳದಲ್ಲಿ ಮೀಥೇನ್ ಅನಿಲ ಒತ್ತಡಕ್ಕೆ ಸಿಕ್ಕಿ ಒಡೆದು, ಅದರ ಇಂಗಾಲ ವಜ್ರವಾಗಬಹುದು ಎಂದು ಮಾರ್ವಿನ್ ರಾಸ್ ಎಂಬ ವಿಜ್ಞಾನಿ 1981ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದಿದ್ದರು. ಕ್ಲಾರ್ಕ್ ಅದನ್ನು ಓದಿ, ಗುರುವಿಗೂ ಅನ್ವಯಿಸಿ, ಒಂದು ಹೆಜ್ಜೆ ಮುಂದೆ ಹಾರಿದರು. ಎಲ್ಲಿಂದ ಹಾರಿದೆನೆಂದು ಪುಸ್ತಕದ ಕೊನೆಯ ಟಿಪ್ಪಣಿಯಲ್ಲಿ ಪ್ರಾಮಾಣಿಕವಾಗಿ ಹೇಳಿಯೂ ಇದ್ದಾರೆ. 2017ರಲ್ಲಿ ಅಮೆರಿಕದ ಒಂದು ಪ್ರಯೋಗಶಾಲೆಯಲ್ಲಿ ಲೇಸರಿನ ಹೊಡೆತದಿಂದ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕನ್ನು ಅಪ್ಪಳಿಸಿದಾಗ, ಕ್ಷಣಮಾತ್ರದಲ್ಲಿ ಅತಿ ಸೂಕ್ಷ್ಮ ವಜ್ರಗಳು ಮೂಡಿದವು. ರಾಸ್ ಅವರ ಊಹೆಗೆ ಅದರಿಂದ ಬಲ ಬಂತು.

ಯುರೋಪಾದ ಹಿಮದ ಕೆಳಗೆ ಸಮುದ್ರವಿರಬಹುದು ಎಂಬುದನ್ನು ಕ್ಲಾರ್ಕ್ ಎರಡನೇ ಕಾದಂಬರಿಯಿಂದಲೇ ಬಳಸಿಕೊಂಡು ಬಂದಿದ್ದಾರೆ. 1990ರ ದಶಕದ ಕೊನೆಯ ಹೊತ್ತಿಗೆ ಗೆಲಿಲಿಯೊ ನೌಕೆಯ ಕಾಂತಮಾಪಕ ಅಂಥ ಉಪ್ಪುನೀರಿನ ಸಮುದ್ರಕ್ಕೆ ಗಟ್ಟಿ ಸುಳಿವು ಕೊಟ್ಟಿತು. ಇದನ್ನೇ ವಿವರವಾಗಿ ಪರೀಕ್ಷಿಸಲು 'ಯುರೋಪಾ ಕ್ಲಿಪ್ಪರ್' ನೌಕೆ 2024ರ ಅಕ್ಟೋಬರ್ 14ರಂದು ಹೊರಟಿದೆ. 2030ರಲ್ಲಿ ಗುರುವಿನ ಬಳಿ ತಲುಪಬೇಕು.

ಕ್ಲಾರ್ಕ್ ಅವರ ಮೊದಲ ಯೋಜನೆ ಬೇರೆಯೇ ಇತ್ತು ಎಂಬುದನ್ನೂ ತಿಳಿಯಬೇಕು. ಗೆಲಿಲಿಯೊ ಗುರುವಿನಿಂದ ಕಳಿಸುವ ಮಾಹಿತಿಯನ್ನು ನೋಡಿಕೊಂಡು ಮೂರನೇ ಕಾದಂಬರಿ ಬರೆಯೋಣವೆಂದಿದ್ದರು. 1986ರ ಜನವರಿ 28ರಂದು 'ಚಾಲೆಂಜರ್' ನೌಕೆ ಏಳು ಮಂದಿಯೊಂದಿಗೆ ಸಿಡಿದುಹೋಯಿತು. ಗೆಲಿಲಿಯೊ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಕ್ಲಾರ್ಕ್ ಕಾಯಲಿಲ್ಲ. ಹ್ಯಾಲಿಯ ಬಗ್ಗೆ ಮಾಹಿತಿ ಕೈಯಲ್ಲಿತ್ತು, ಆ ಭಾಗ ಗಟ್ಟಿಯಾಯಿತು. ಯುರೋಪಾದ ಮಾಹಿತಿ ಸಾಕಷ್ಟಿರಲಿಲ್ಲ, ಆ ಭಾಗ ಊಹೆಯ ಮೇಲೆ ನಿಂತಿತು.

ಅಂಕ: 20ಕ್ಕೆ 14.

ಪ್ರಶ್ನೆ 4: ಮನುಷ್ಯರು

ಇಲ್ಲಿಂದ ಆ ಹುಡುಗಿಯ ಎರಡನೇ ಪುಟ ಶುರುವಾಗುತ್ತದೆ. ಆಕೆಯ ಮೊದಲ ಆಕ್ಷೇಪ: 'ಇಷ್ಟು ಜನ ದೊಡ್ಡವರನ್ನು ಕರೆದುಕೊಂಡು ಬಂದು ಏನೂ ಕೆಲಸ ಕೊಡದೆ ಕೂರಿಸಿದ್ದಾರೆ.' ಅಕ್ಷರಶಃ ನಿಜ. ಯೂನಿವರ್ಸ್ ನೌಕೆಯಲ್ಲಿ ಒಬ್ಬ ಸಂಗೀತ ಸಂಯೋಜಕ, ಒಬ್ಬ ಲೇಖಕಿ, ಒಬ್ಬ ಟಿ.ವಿ. ನಿರೂಪಕ, ಒಬ್ಬ ನಿವೃತ್ತ ಚಿತ್ರನಟಿ ಇದ್ದಾರೆ. ಒಬ್ಬೊಬ್ಬರ ಪರಿಚಯವೂ ಸೊಗಸಾಗಿದೆ. ಮದುವೆ ಮನೆಯಲ್ಲಿ ನೆಂಟರನ್ನು ಪರಿಚಯಿಸಿದಂತೆ. ಆದರೆ ಊಟವಾದ ಮೇಲೆ ಅವರೆಲ್ಲ ಎಲ್ಲಿ ಹೋದರೆಂದು ಗೊತ್ತಾಗುವುದಿಲ್ಲ. ಅವರಲ್ಲಿ ಒಬ್ಬಿಬ್ಬರನ್ನು ತೆಗೆದುಹಾಕಿದರೂ ಕಥೆಗೆ ಏನೂ ಆಗದು.

ಗ್ಯಾಲಕ್ಸಿಯನ್ನು ಅಪಹರಿಸಿದವಳದೂ ಇದೇ ಪಾಡು. ಆಕೆ ಯಾರ ಕಡೆಯವಳು, ಪ್ರಾಣ ಕೊಡುವಷ್ಟು ಆಕೆಯನ್ನು ಕಾಡಿದ್ದು ಏನು ಎಂಬುದನ್ನು ನಾವು ಒಳಹೊಕ್ಕು ನೋಡುವ ಮುನ್ನವೇ ಆಕೆ ಸತ್ತುಹೋಗುತ್ತಾಳೆ. ಹಿಂದೆ ಇದ್ದಿರಬಹುದಾದ ಸಂಚು ಗಾಳಿಮಾತಾಗಿಯೇ ಉಳಿಯುತ್ತದೆ.

ಆದರೆ ಒಬ್ಬರ ವಿಷಯದಲ್ಲಿ ನಾನು ಅಂಕ ಕಡಿಯಲಾರೆ. ಅದು ಮುದುಕ ಫ್ಲಾಯ್ಡ್. ಹಿಂದೆ ಒಮ್ಮೆ ಮಹಡಿಯಿಂದ ಬಿದ್ದು, ಚಿಕಿತ್ಸೆಗೆಂದು ಭೂಮಿಯನ್ನು ಸುತ್ತುವ ಆಸ್ಪತ್ರೆ ಸೇರಿದವರು. ಅಲ್ಲಿನ ಕಡಿಮೆ ಗುರುತ್ವಕ್ಕೆ ಮೈ ಒಗ್ಗಿಹೋಗಿ ಮತ್ತೆ ಭೂಮಿಗೆ ಇಳಿಯಲಾಗದೆ ಅಲ್ಲೇ ಉಳಿದಿದ್ದಾರೆ. ಕೆಳಗೆ ಕಾಣುವ ಊರಿಗೆ ಹೋಗುವಂತಿಲ್ಲ. ಆದರೂ ಧೂಮಕೇತುವಿಗೆ ಹೋಗಲು ಕರೆ ಬಂದಾಗ ಶಾಲೆಯ ಹುಡುಗನಂತೆ ಉತ್ಸಾಹದಿಂದ ಹೊರಡುತ್ತಾರೆ. ಇದನ್ನು ಬರೆದಾಗ ಕ್ಲಾರ್ಕ್ ಎಪ್ಪತ್ತರ ಹೊಸ್ತಿಲಲ್ಲಿದ್ದರು. ಹದಿನಾಲ್ಕರ ಹುಡುಗಿಗೆ ಇದು ಕಾಣದಿದ್ದುದರಲ್ಲಿ ಆಶ್ಚರ್ಯವಿಲ್ಲ. ಇಪ್ಪತ್ತರಲ್ಲಿ ನನಗೂ ಕಂಡಿರಲಿಲ್ಲ.

ಅಂಕ: 20ಕ್ಕೆ 8.

ಪ್ರಶ್ನೆ 5: ಕಥೆಯ ಹೆಣಿಗೆ

ಹುಡುಗಿಯ ಎರಡನೇ ಆಕ್ಷೇಪ: 'ಮೊಮ್ಮಗ ಸರಿಯಾಗಿ ಅದೇ ನೌಕೆಯಲ್ಲಿ ಏಕೆ ಇರಬೇಕು?' ಸೌರವ್ಯೂಹ ಅಷ್ಟು ದೊಡ್ಡದು. ಅಪಾಯಕ್ಕೆ ಸಿಕ್ಕ ನೌಕೆಯಲ್ಲಿ ಮೊಮ್ಮಗ, ಕಾಪಾಡುವ ನೌಕೆಯಲ್ಲಿ ತಾತ! ನಮ್ಮ ಹಳೆಯ ಸಿನಿಮಾಗಳಲ್ಲಿ ಜಾತ್ರೆಯಲ್ಲಿ ಕಳೆದುಹೋದ ಅಣ್ಣತಮ್ಮಂದಿರು ಕೊನೆಯ ರೀಲಿನಲ್ಲಿ ಒಂದಾಗುವಂತೆ ಇದೆ.

ಮೂರನೇ ಆಕ್ಷೇಪ ಹೆಚ್ಚು ಗಂಭೀರವಾದದ್ದು: 'ಕಪ್ಪು ಕಲ್ಲಿನ ಕಥೆ ಏನಾಯಿತು?' ಮೊದಲ ಕಾದಂಬರಿಯಲ್ಲಿ ಆ ಫಲಕ ಓದುಗನ ಮೈ ಜುಮ್ಮೆನಿಸುತ್ತದೆ, ಏಕೆಂದರೆ ಅದೇನೆಂದು ಯಾರಿಗೂ ಗೊತ್ತಿಲ್ಲ. ಮೂರನೆಯದರ ಹೊತ್ತಿಗೆ ಅದು ಯುರೋಪಾದ ಮೇಲೆ ಗೋಡೆಯಂತೆ ಅಡ್ಡಬಿದ್ದಿದೆ. ಮೊದಲ ಕಾದಂಬರಿಯ ಪ್ರಾಣವೇ ಆಗಿದ್ದ ಗಗನಯಾತ್ರಿ ಬೋಮನ್ ಮತ್ತು ಹ್ಯಾಲ್ ಎಂಬ ಕಂಪ್ಯೂಟರು ಇಲ್ಲಿ ಹೆಚ್ಚಾಗಿ ತೆರೆಯ ಹಿಂದೆಯೇ ಇರುತ್ತಾರೆ. ಕೊನೆಯಲ್ಲಿ ಫ್ಲಾಯ್ಡ್ ಅವರ ಮನಸ್ಸಿನ ಒಂದು ಪ್ರತಿ ಅವರ ಜೊತೆ ಸೇರುತ್ತದೆ. ಅಬ್ಬಾ, ಈಗ ಕಥೆ ಶುರುವಾಯಿತು ಎನ್ನುವಷ್ಟರಲ್ಲಿ ಪುಸ್ತಕ ಮುಗಿಯುತ್ತದೆ. ಹೋಗಲಿ, ಮುಂದಿನ ಪುಸ್ತಕದಲ್ಲಿ ನೋಡೋಣ ಎಂದರೆ '3001'ರಲ್ಲಿ ಬೋಮನ್ ಇದ್ದಾನೆ, ಹ್ಯಾಲ್ ಇದೆ, ಜೊತೆ ಸೇರಿದ್ದ ಫ್ಲಾಯ್ಡ್ ಇಲ್ಲ!

ತನ್ನ ಪುಸ್ತಕಗಳು ಒಂದರ ನೇರ ಮುಂದುವರಿಕೆಯಾಗಿ ಇನ್ನೊಂದಲ್ಲ, ಒಂದೇ ವಿಷಯದ ಬೇರೆ ಬೇರೆ ರೂಪಗಳು ಎಂಬ ಅರ್ಥದಲ್ಲಿ ಕ್ಲಾರ್ಕ್ ಸಮಜಾಯಿಷಿ ಕೊಟ್ಟಿದ್ದಾರೆ. ಮೊದಲ ಕಾದಂಬರಿಯಲ್ಲಿ ಯಾತ್ರೆ ಶನಿಗ್ರಹಕ್ಕೆ, ಚಲನಚಿತ್ರದಲ್ಲಿ ಗುರುಗ್ರಹಕ್ಕೆ. ಎರಡನೇ ಕಾದಂಬರಿ ಹಿಂಬಾಲಿಸಿದ್ದು ಚಿತ್ರವನ್ನು. ಹೊಸ ಮಾಹಿತಿ ಬಂದಾಗ ಹಳೆಯದನ್ನು ಬದಲಿಸುವುದು ವಿಜ್ಞಾನಿಯ ಗುಣ. ಅದನ್ನು ನಾನು ಮೆಚ್ಚುತ್ತೇನೆ. ಆದರೆ ಫ್ಲಾಯ್ಡ್ ಅವರನ್ನು ಮರೆತದ್ದಕ್ಕೆ ಯಾವ ಹೊಸ ಮಾಹಿತಿಯೂ ಕಾರಣವಲ್ಲ. ಓದುಗನಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಕಥೆಗಾರನ ಗುಣ. ಇಲ್ಲಿ ಅದು ಸಡಿಲವಾಗಿದೆ.

ಅಂಕ: 20ಕ್ಕೆ 7.

ಭವಿಷ್ಯ ಹೇಳಿದ್ದು ಎಷ್ಟು ಸರಿ?

ಇದಕ್ಕೆ ಅಂಕ ಇಲ್ಲ, ಏಕೆಂದರೆ ಕಾದಂಬರಿ ಪಂಚಾಂಗವಲ್ಲ. ಆದರೂ ಎರಡು ಸಂಗತಿಗಳು ಪೋಷಕರಿಗೆ ಇಷ್ಟವಾಗಬಹುದು.

2000ನೇ ಇಸವಿಯ ಡಿಸೆಂಬರ್ 31ರಂದು ದೂರದ ಫೋನ್ ಕರೆಗಳ ಪ್ರತ್ಯೇಕ ದರ ರದ್ದಾಗಿ, ಇಡೀ ಜಗತ್ತು ಒಂದು ಕುಟುಂಬದಂತಾಯಿತು ಎಂದು ಕಾದಂಬರಿಯಲ್ಲಿದೆ. ನಾನು ಇದನ್ನು ಮೊದಲು ಓದಿದ ಕಾಲದಲ್ಲಿ, ದರ ಇಳಿಯಲೆಂದು ರಾತ್ರಿಯಾಗುವವರೆಗೆ ಕಾದು, ಎಸ್.ಟಿ.ಡಿ. ಬೂತಿನಲ್ಲಿ ಮೀಟರಿನ ಕೆಂಪು ಅಂಕಿಗಳ ಮೇಲೆ ಕಣ್ಣಿಟ್ಟು ಮಾತಾಡುತ್ತಿದ್ದೆವು. ಕ್ಲಾರ್ಕ್ ಹೇಳಿದ ತಾರೀಕು ತಪ್ಪಿತು, ದಿಕ್ಕು ತಪ್ಪಲಿಲ್ಲ. ಇಂದು ಬೀದರಿನಿಂದ ಮಂಗಳೂರಿಗೆ ಮಾತಾಡುವಾಗ ಯಾರೂ ಗಡಿಯಾರ ನೋಡುವುದಿಲ್ಲ.

ಇನ್ನೊಂದು ದಕ್ಷಿಣ ಆಫ್ರಿಕಾದ ವಿಷಯ. ವರ್ಣಭೇದ ನೀತಿ ರಕ್ತಮಯ ಕ್ರಾಂತಿಯಲ್ಲಿ ಕೊನೆಯಾಗಿ, ಬಿಳಿಯರು ದೇಶ ಬಿಟ್ಟು ಓಡಿದರೆಂದು ಕ್ಲಾರ್ಕ್ ಊಹಿಸಿದ್ದರು. ಆದರೆ 1994ರಲ್ಲಿ ಎಲ್ಲ ವರ್ಣದವರೂ ಸಾಲಿನಲ್ಲಿ ನಿಂತು ಮತ ಹಾಕಿದರು, ನೆಲ್ಸನ್ ಮಂಡೇಲಾ ಅಧ್ಯಕ್ಷರಾದರು. ಯಂತ್ರಗಳ ಭವಿಷ್ಯವನ್ನು ಅಷ್ಟು ಚೆನ್ನಾಗಿ ಊಹಿಸಿದವರಿಗೆ ಮನುಷ್ಯರ ಭವಿಷ್ಯ ಹೊಳೆಯಲಿಲ್ಲ. ಇದು ಸಂತೋಷಪಡಬೇಕಾದ ತಪ್ಪು.

ಒಟ್ಟು ಅಂಕ

19, 15, 14, 8, 7. ಒಟ್ಟು ನೂರಕ್ಕೆ 63. ಪ್ರಥಮ ದರ್ಜೆ, ಆದರೆ ರ‍್ಯಾಂಕ್ ಇಲ್ಲ. ಅಂದು ಯಾರಾದರೂ ಕೇಳಿದ್ದರೆ ನಾನು ಕಣ್ಣು ಮುಚ್ಚಿ 95 ಕೊಡುತ್ತಿದ್ದೆ. ಆ 95ರಿಂದ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಈ 63ರ ಹಿಂದೆ ಕಾರಣಗಳಿವೆ. ನೀವು ಪುಸ್ತಕ ಓದಿ ನನ್ನ ಅಂಕಗಳನ್ನೂ ತಿದ್ದಬಹುದು.

ಪೋಷಕರಲ್ಲಿ ಒಂದು ಮಾತು. 'ಕಾದಂಬರಿ ಓದಿದರೆ ಪರೀಕ್ಷೆಯಲ್ಲಿ ಅಂಕ ಬರುತ್ತದೆಯೇ ಸಾರ್?' ಎಂದು ನೀವು ಕೇಳುವುದು ಸಹಜ. ನೇರವಾಗಿ ಬರುವುದಿಲ್ಲ. ಆದರೆ ಒಂದು ಪುಸ್ತಕದಲ್ಲಿ ಇದು ಸರಿ, ಇದು ಊಹೆ, ಇದು ತಪ್ಪು, ಇದು ನನಗೆ ಹಿಡಿಸಲಿಲ್ಲ ಎಂದು ಬೇರೆ ಬೇರೆ ಮಾಡಿ ಹೇಳಬಲ್ಲ ಮಗು ಪತ್ರಿಕೆಯ ಸುದ್ದಿಯನ್ನೂ, ಜಾಹೀರಾತನ್ನೂ, ಭಾಷಣವನ್ನೂ ಹಾಗೆಯೇ ಬಿಡಿಸಿ ನೋಡುತ್ತದೆ. ಮೇಷ್ಟರ ಪಾಠವನ್ನೂ ನೋಡೀತು. ನೋಡಲಿ. ಓದುವವರು '2001'ರಿಂದಲೇ ಆರಂಭಿಸಿ, '2010' ಮುಗಿಸಿ ಇದಕ್ಕೆ ಬರುವುದು ಒಳ್ಳೆಯದು. ಒಂಬತ್ತನೇ ತರಗತಿಯಿಂದ ಮೇಲಿನವರಿಗೆ ಸರಿಹೋಗುತ್ತದೆ.

ಹ್ಯಾಲಿ ಧೂಮಕೇತು 2023ರ ಡಿಸೆಂಬರಿನಲ್ಲಿ ಸೂರ್ಯನಿಂದ ತನ್ನ ಅತಿ ದೂರದ ಬಿಂದುವನ್ನು ಮುಟ್ಟಿ ಹಿಂದಿರುಗಿದೆ. ನೆಪ್ಚೂನಿನ ಕಕ್ಷೆಗೂ ಆಚೆಯ ಕತ್ತಲಿನಿಂದ ಅದು ಈಗ ಇತ್ತ ಬರುತ್ತಿದೆ. 2061ರ ಜುಲೈ 28ರ ಸುಮಾರಿಗೆ ಸೂರ್ಯನ ಬಳಿ ಇರುತ್ತದೆ. ಆ ಸಲ ಭೂಮಿ ಮತ್ತು ಧೂಮಕೇತು ಸೂರ್ಯನ ಒಂದೇ ಬದಿಯಲ್ಲಿರುವುದರಿಂದ, 1986ಕ್ಕಿಂತ ಬಹಳ ಚೆನ್ನಾಗಿ ಕಾಣಬೇಕು. ಈಗ ಎಂಟನೇ ತರಗತಿಯಲ್ಲಿರುವವರಿಗೆ ಆಗ ಐವತ್ತರ ಆಸುಪಾಸು, ಅಂದರೆ ಹೆಚ್ಚುಕಡಿಮೆ ನನ್ನ ಈಗಿನ ವಯಸ್ಸು. ನಾನು ತೊಂಬತ್ತು ದಾಟಿರಬೇಕು. ಫ್ಲಾಯ್ಡ್ ಅವರಷ್ಟು ಆಯಸ್ಸಿನ ಭರವಸೆ ನನಗಿಲ್ಲ. ನನ್ನ ಪರವಾಗಿ ನೀವು ನೋಡಿ.

ಆ ಹುಡುಗಿ ಹತ್ತನೇ ತರಗತಿ ಮುಗಿಸಿ ಬೇರೆ ಊರಿನ ಕಾಲೇಜು ಸೇರಿದಳು. ಎರಡನೇ ಪುಟವನ್ನು ಇಟ್ಟುಕೊಂಡಿದ್ದಾಳೋ ಹರಿದುಹಾಕಿದಳೋ ಗೊತ್ತಿಲ್ಲ. ಇಟ್ಟುಕೊಂಡಿದ್ದರೆ ಅದರ ಮೇಲಿನ ಕೆಂಪು ಸಾಲನ್ನು ಹೊಡೆದುಹಾಕಲಿ. ನಮ್ಮ ಗೋಡೆ ಪತ್ರಿಕೆಯಲ್ಲಿ ಆ ಪುಟಕ್ಕೆ ಈಗಲೂ ಜಾಗವಿದೆ.